ತಡವಾದ ಚಪ್ಪಾಳೆ

ಬೆಲ್‌ರೋಸ್, ಕ್ವೀನ್ಸ್
ಸೆಪ್ಟೆಂಬರ್ 21, 2008

ಪ್ರಿಯ ಗಯಾಜ್,

ರೋಜಾ ಹೇಗೆ ನಡೆಯುತ್ತಿದೆ? ಈ ಸಲ ನಿನ್ನ ಮನೆಗೆ ಇಫ್ತಾರಿಗೆ ಬರಲಾಗಲಿಲ್ಲ. ಉಷಾ ಸೀರೆ ಉಟ್ಟು ಹೊರಟು ನಿಂತಿದ್ದಳು, ನಾನೇ ಬೇಡವೆಂದೆ. ಸ್ವಲ್ಪ ತಲೆಸುತ್ತು. ಐವತ್ತೇಳು ವರ್ಷವಾದ ಮೇಲೆ ತಲೆಯಾದರೂ ಸುತ್ತಬೇಕಲ್ಲ. ಕಾರು ಓಡಿಸುವುದು ಬಿಟ್ಟಿದ್ದೇನೆ. ಸಬ್‌ವೇ ರೈಲಿನ ಸಿಗ್ನಲ್ ಆಫೀಸಿಗೂ ರಜೆ ಹಾಕಿ ಕೂತಿದ್ದೇನೆ, ಕೂಡಿಟ್ಟ ರಜೆ ಸುಮ್ಮನೆ ಕೊಳೆಯುತ್ತಿತ್ತು.

ಫೋನು ಬಿಟ್ಟು ಕಾಗದ ಏಕೆ ಅನ್ನುತ್ತೀಯ. ನಮ್ಮ ಮನೆಯ ಫೋನು ಸರಿಯಿಲ್ಲ. ಮಾತು ಒಡೆದೊಡೆದು ಬರುತ್ತದೆ. ರಿಪೇರಿ ಮಾಡೋಣವೆಂದು ಬಿಚ್ಚಿದೆ, ಒಳಗೆ ಎಲ್ಲ ಸರಿಯಾಗಿಯೇ ಇದೆ.

ವಿಷಯಕ್ಕೆ ಬರುತ್ತೇನೆ. ನನಗೆ ನಮ್ಮ ರೆಕಾರ್ಡು ಬೇಕು. ಯಾವುದು ಅಂತ ಕೇಳಬೇಡ, ಡೆಲ್ಲಾ ಮೇ ಪ್ರೂಯಿಟ್ ಹಾಡಿದ್ದು. ಈಚೆಗೆ ಹಗಲೆಲ್ಲ ಆ ಬೇಸಿಗೆಯೇ ನೆನಪಾಗುತ್ತಿದೆ. 1974. ಅಲಬಾಮಾದ ಕಾಲೇಜಿನಲ್ಲಿ ಮೈಸೂರಿನವರು ಅಂತ ಇದ್ದದ್ದು ನಾವಿಬ್ಬರೇ. ರಜೆಯಲ್ಲಿ ಮಿಲ್‌ಪಾಂಡ್ ಸ್ಟುಡಿಯೋದಲ್ಲಿ ನನಗೆ ಟೇಪ್ ಮಷೀನ್ ರಿಪೇರಿ, ನಿನಗೆ ನೆಲ ಗುಡಿಸುವ ಕೆಲಸ. ಹತ್ತಿಬೀಜದ ಗೋದಾಮಾಗಿದ್ದ ಆ ಕಟ್ಟಡಕ್ಕೆ ನ್ಯೂಯಾರ್ಕಿನಿಂದ, ಲಂಡನ್ನಿನಿಂದ ಗಾಯಕರು ಹುಡುಕಿಕೊಂಡು ಬರುತ್ತಿದ್ದರು. ವಾದ್ಯದವರು, ಹಾಡುವವರು ಎಲ್ಲ ಒಂದೇ ಕೋಣೆಯಲ್ಲಿ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ.

ಡೆಲ್ಲಾ ಮೇ ಬಂದ ದಿನ ಚಪ್ಪಾಳೆ ತಟ್ಟಲು ಜನ ಸಾಲಲಿಲ್ಲ. ನಮ್ಮಿಬ್ಬರನ್ನು ಪಕ್ಕದ ಸ್ಟೋರ್ ರೂಮಿನಲ್ಲಿ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟರು. ಮೂರನೆಯ ಚರಣದಲ್ಲಿ ಒಂದು ಚಪ್ಪಾಳೆ ತಡವಾಗಿ ಬಿತ್ತು. ಆಕೆ ಆ ಸಲ ಹಾಡಿದ ಹಾಗೆ ಮತ್ತೆ ಹಾಡುವುದಿಲ್ಲವೆಂದು ತಪ್ಪನ್ನು ಹಾಗೇ ಬಿಟ್ಟರು. ಅದು ನಿನ್ನ ಕೈಯದು ಅಂತ ನಾನು, ಅಲ್ಲ ನಿನ್ನದೇ ಅಂತ ನೀನು, ಮೂವತ್ತನಾಲ್ಕು ವರ್ಷದಿಂದ ಜಗಳವಾಡುತ್ತಿದ್ದೇವೆ.

ಆ ಹಾಡು ಅಂಗಡಿಗೆ ಬರಲೇ ಇಲ್ಲ, ಸ್ಟುಡಿಯೋದವರು ನಮಗೆ ಕೊಟ್ಟದ್ದು ಒಂದೇ ಪ್ರತಿ. ನಾಣ್ಯ ಚಿಮ್ಮಿದೆವು, ನೀನು ಗೆದ್ದೆ. "ನನ್ನ ಮನೇಲಿರುತ್ತೆ ಅಷ್ಟೇ ಕಣೋ, ನಿಂದೂ ಹೌದು. ಕೇಳ್ದಾಗ ಕೊಡ್ತೀನಿ" ಅಂದಿದ್ದೆ. ಈಗ ಕೇಳುತ್ತಿದ್ದೇನೆ. ದೀಪಾವಳಿಯೊಳಗೆ ಕಳಿಸು.

ಅಖ್ತರಿಗೆ, ಉಝ್ಮಾಗೆ ನಮ್ಮ ನೆನಪು ತಿಳಿಸು.

ನಿನ್ನ,
ಸೂರ್ಯನಾರಾಯಣ


ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ
ಅಕ್ಟೋಬರ್ 12, 2008

ಸೂರಿ,

ಕೈಬರಹದ ವಿಳಾಸವಿರುವ ಲಕೋಟೆ ನಮ್ಮ ಮೇಲ್ ಡಬ್ಬಕ್ಕೆ ಬಿದ್ದು ಯಾವ ಕಾಲವಾಯಿತೋ. ಅಖ್ತರಿ ಹೆದರಿಬಿಟ್ಟಳು. "ಯಾರಿಗೇನಾಯ್ತು?" ಅಂದಳು. "ಯಾರಿಗೂ ಏನೂ ಆಗಿಲ್ಲ, ಸೂರಿಗೆ ಕೆಲಸ ಇಲ್ಲ" ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಈದ್ ದಿನ ನಿನಗಾಗಿ ಎರಡು ಗಂಟೆಯವರೆಗೆ ಕಾದೆವು. ಶೀರ್‌ಖುರ್ಮಾ ಕೆನೆ ಕಟ್ಟಿತು. ಉಝ್ಮಾ, "ಸೂರಿ ಅಂಕಲ್ ನಾಟ್ ಕಮಿಂಗ್?" ಅಂತ ಮೂರು ಸಲ ಕೇಳಿದಳು. ತಲೆಸುತ್ತಿಗೆ ಡಾಕ್ಟರ ಹತ್ತಿರ ಹೋಗು ಮಾರಾಯ, ಫೋನು ಬಿಚ್ಚುತ್ತಾ ಕೂರಬೇಡ.

ನನ್ನ ಕೆಲಸ ಎಂದಿನಂತೆ ಕ್ರ್ಯಾನ್‌ಬರಿಯಲ್ಲೇ. ಈಗ ಓಡಾಟ ಜಾಸ್ತಿ ಇರುವ ಕಡೆ ಹಾಕಿದ್ದಾರೆ. ದಿನವಿಡೀ ನಿಂತೇ ಇರುತ್ತೇನೆ. ಕುರ್ಚಿಯಲ್ಲಿ ಕೂತು ಬಂದಿದ್ದ ಬೊಜ್ಜೆಲ್ಲ ಕರಗಿದೆ, ನೋಡಿದರೆ ಗುರುತು ಹಿಡಿಯುವುದಿಲ್ಲ ನೀನು.

ರೆಕಾರ್ಡನ್ನು ಪೋಸ್ಟಿನಲ್ಲಿ ಕಳಿಸುವ ಧೈರ್ಯ ನನಗಿಲ್ಲ. ಒಡೆದರೆ ಯಾರ ತಲೆ ಒಡೆಯುವುದು? ನಾನೇ ಒಂದು ಭಾನುವಾರ ತರುತ್ತೇನೆ. ಅಲ್ಲಿಯವರೆಗೆ ಈ ಟೇಪು ಇಟ್ಟುಕೊ. ಮಿಲ್‌ಪಾಂಡ್‌ನದೇ ಎಲ್ಲ, ನನಗೆ ತುಂಬ ಇಷ್ಟವಾದವು. ಏ ಸೈಡಿನಲ್ಲಿ ಕ್ಲೀವನ್ ಟಾಟಮ್‌ನ ಒಗ್ಗರಣೆ ಹಾಡಿದೆ. ಡ್ರಮ್ಮಿನವನು ತಾಳದ ತಟ್ಟೆ ಸವರಿದರೆ ಎಣ್ಣೆಗೆ ಸಾಸಿವೆ ಬಿದ್ದ ಹಾಗಿದೆ ಅಂತ ಆ ಹೆಸರಿಟ್ಟವನು ನೀನೇ. ಆಮೇಲೆ ಬಾಡಿಗೆ ಮನೆ ಹಾಡು. ಹೆಂಡತಿ ಬಿಟ್ಟುಹೋದಮೇಲೆ ಮನೆ ಒಡೆಯನಿಗೆ ಕೀಲಿಕೈ ಕೊಡಲು ಹೋಗುವವನದು. ಅವನು ಅದರಲ್ಲಿ ಒಮ್ಮೆಯೂ ದನಿ ಎತ್ತುವುದಿಲ್ಲ, ಅದಕ್ಕೇ ನನಗೆ ಕೇಳುವುದು ಕಷ್ಟ. ಬಿ ಸೈಡಿನಲ್ಲಿ ಹ್ಯಾಂಬ್ರಿಕ್ ಸೋದರರು, ಮತ್ತೆ ಆ ಚರ್ಚಿನ ಆರ್ಗನ್ನಿನ ಹುಡುಗಿ.

ಕಾಲೇಜಿನಲ್ಲಿ ಒಬ್ಬರಿಗೊಬ್ಬರು ಟೇಪು ತುಂಬಿಕೊಡುವಾಗ ನಮಗೊಂದು ಚಟವಿತ್ತು, ನೆನಪಿದೆ ತಾನೆ? ಬಿಡಿಸಿ ಹೇಳಿದರೆ ಮಜಾ ಇಲ್ಲ. ಬಿ ಸೈಡನ್ನು ಅವಸರ ಮಾಡದೆ ಕೇಳು. ಕೇಳಿ ಕೂಡಲೇ ಬರೆ. ನಾನು ಕಾಯುತ್ತಿರುತ್ತೇನೆ.

ಗಯಾಜ್


ಬೆಲ್‌ರೋಸ್
ನವೆಂಬರ್ 2, 2008

ಪ್ರಿಯ ಗಯಾಜ್,

ಟೇಪು ತಲುಪಿತು. ಎರಡೂ ಸೈಡು ಕೇಳಿದೆ.

ಬಾಡಿಗೆ ಮನೆ ಹಾಡು ಈಗಲೂ ಹಾಗೇ ಇದೆ. ಅದರಲ್ಲಿ ಬೇಸ್ ಗಿಟಾರಿನವನು ಎರಡೇ ಸ್ವರ ಹಿಡಿದುಕೊಂಡು ಕೂತುಬಿಡುತ್ತಾನೆ, ಅಲ್ಲಿಂದ ಕದಲುವುದಿಲ್ಲ. ಹಾಡುವವನು ಮನೆ ಖಾಲಿ ಮಾಡಿದರೂ ಅವನು ಮಾಡುವುದಿಲ್ಲ. ಅದನ್ನು ನಾಲ್ಕು ಸಲ ಕೇಳಿದೆ.

ಆದರೆ ನಿನ್ನ ಮಷೀನ್ ಕೆಟ್ಟಿದೆ ಕಣೋ. ಒಗ್ಗರಣೆ ಹಾಡಿನಲ್ಲಿ ಒಗ್ಗರಣೆಯೇ ಇಲ್ಲ. ಪಿಟೀಲುಗಳು ಹೊದಿಕೆಯೊಳಗಿನಿಂದ ಬಂದ ಹಾಗಿವೆ. ಆರ್ಗನ್ನಿನ ಹುಡುಗಿಯ ಮೇಲಿನ ದನಿ ಎಲ್ಲಿಗೆ ಹೋಯಿತು? ಮುಳ್ಳು ಸವೆದಿರಬೇಕು, ಇಲ್ಲವೇ ಟೇಪಿನ ಹೆಡ್ ಕೊಳೆಯಾಗಿರಬೇಕು. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸು ಅಂತ ನಿನಗೆ ನೂರು ಸಲ ಹೇಳಿದ್ದೇನೆ.

ಆದ್ದರಿಂದ ಟೇಪು ಸಾಕು. ರೆಕಾರ್ಡನ್ನೇ ಕಳಿಸು. ಒಡೆದರೆ ಒಡೆಯಲಿ, ನನ್ನ ಜವಾಬ್ದಾರಿ. ಎರಡು ರಟ್ಟಿನ ನಡುವೆ ಇಟ್ಟು ಕಳಿಸು. ದೀಪಾವಳಿ ಆಗಿಹೋಯಿತು, ನೀನು ಬರಲಿಲ್ಲ. ಉಷಾ ನಿನಗೆಂದು ಎತ್ತಿಟ್ಟಿದ್ದ ಕೋಡುಬಳೆ ನಮ್ಮ ವಸಿಷ್ಠ ತಿಂದು ಮುಗಿಸಿದ.

ನಮ್ಮ ಬೀದಿಯಲ್ಲಿ ಎರಡು ಮನೆ ಬ್ಯಾಂಕಿನವರ ಪಾಲಾಗಿವೆ. ಹಿಲ್‌ಸೈಡ್ ಅವೆನ್ಯೂವಿನ ಅಂಗಡಿಯಲ್ಲಿ ಜನ ದೊಡ್ಡ ಚೀಲದ ಅಕ್ಕಿ ಬಿಟ್ಟು ಸಣ್ಣದು ಕೊಳ್ಳುತ್ತಿದ್ದಾರೆ. ನಿನ್ನ ಕಂಪನಿ ಗಟ್ಟಿಯಾಗಿದೆ ತಾನೆ? ಔಷಧಿ ತಯಾರಿಸುವವರಿಗೆ ಭಯವಿಲ್ಲ ಬಿಡು, ಇಂಥ ಕಾಲದಲ್ಲಿ ಕಾಯಿಲೆ ಹೆಚ್ಚು.

ನಿನ್ನ,
ಸೂರಿ


ಮಾನ್ಮತ್ ಜಂಕ್ಷನ್
ಡಿಸೆಂಬರ್ 7, 2008

ಸೂರಿ,

ತಿಂಗಳಾಯಿತು ಬರೆಯದೆ. ಸಿಟ್ಟು ಬಂದಿತ್ತು. ಈಗ ಅರ್ಧ ಇಳಿದಿದೆ, ಉಳಿದದ್ದರಲ್ಲಿ ಬರೆಯುತ್ತಿದ್ದೇನೆ.

ನನ್ನ ಮಷೀನ್ ಕೆಟ್ಟಿಲ್ಲ. ಟೇಪು ತುಂಬುವ ಮೊದಲು ಹೊಸ ಮುಳ್ಳು ಹಾಕಿದ್ದೆ. ಹೆಡ್ ಒರೆಸಿದ್ದೆ, ಸ್ಪಿರಿಟ್ಟಿನಿಂದಲೇ. ಉಝ್ಮಾಗೆ ಕೇಳಿಸಿದೆ. "ಡ್ಯಾಡಿ, ಸೌಂಡ್ ಈಸ್ ಸೋ ಕ್ಲೀನ್" ಅಂದಳು. ಎರಡು ಭಾನುವಾರ ನೆಲದ ಮೇಲೆ ಕೂತು ಒಂದೊಂದೇ ರೆಕಾರ್ಡಿನ ಧೂಳು ಒರೆಸಿ ತುಂಬಿದ ಟೇಪು ಅದು. ನಿನಗೆ ಕಂಡದ್ದು ಬರೀ ಕೊಳೆ. ನಿನ್ನದೇ ಮಷೀನ್ ನೋಡಿಸು. ಊರಿನ ಸಿಗ್ನಲ್ಲೆಲ್ಲ ಸರಿ ಮಾಡುವವನಿಗೆ ಮನೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ.

ಬಿ ಸೈಡಿನ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಸರಿ, ನಾನೂ ಕೇಳುವುದಿಲ್ಲ.

ನೀನು ಮೊದಲಿನಿಂದಲೂ ಹೀಗೇ. ನಿನ್ನ ಕಾರಿನಲ್ಲಿ ನಾನು ಕೂತರೆ ಪಟಪಟ ಮಾತಾಡುತ್ತೀಯ. ನನ್ನ ಕಾರಿನಲ್ಲಿ ನೀನು ಕೂತರೆ, ನಾನು ಟರ್ನ್‌ಪೈಕ್ ಹೆದ್ದಾರಿ ಉದ್ದಕ್ಕೂ ಮಾತಾಡಿದರೂ ಕಿಟಕಿ ನೋಡುತ್ತಾ ಕೂರುತ್ತೀಯ. ಪ್ರತಿ ಸಲವೂ "ನಾನೇ ಡ್ರೈವ್ ಮಾಡ್ತೀನಿ" ಅಂತ ಕೀಲಿಕೈ ಕಸಿಯುತ್ತೀಯ. ಅಖ್ತರಿ ಅದನ್ನು ಜಂಭ ಅನ್ನುತ್ತಾಳೆ. ನಾನು ಇಷ್ಟು ದಿನ ನಿನ್ನ ಪರವಾಗಿ ವಾದ ಮಾಡುತ್ತಿದ್ದೆ.

ನಾಳೆ ಬಕ್ರೀದ್. ನನಗೆ ರಜೆ ಸಿಕ್ಕಿಲ್ಲ. ರೆಕಾರ್ಡು ಕಪಾಟಿನಲ್ಲಿದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಚಳಿಗಾಲ ಕಳೆಯಲಿ, ತರುತ್ತೇನೆ.

ಗಯಾಜ್


ಬೆಲ್‌ರೋಸ್
ಜನವರಿ 18, 2009

ಪ್ರಿಯ ಗಯಾಜ್,

ನಿನ್ನ ಸಿಟ್ಟು ನ್ಯಾಯವಾದದ್ದು. ಮಷೀನ್ ನನ್ನದೇ ಕೆಟ್ಟಿರಬೇಕು. ನೋಡಿಸಿದೆ. ಸರಿ ಮಾಡುವುದು ಕಷ್ಟ ಅಂದರು.

ಚಳಿಗಾಲ ಕಳೆಯುವವರೆಗೆ ಕಾಯಲಾಗುವುದಿಲ್ಲ. ಮಾರ್ಚಿ ಹನ್ನೊಂದಕ್ಕೆ ನನಗೊಂದು ಕೆಲಸವಿದೆ. ಅದರೊಳಗೆ ನಮ್ಮ ಹಾಡು ಒಂದು ಸಲ ಕೇಳಬೇಕು. ಅದೇನು ಕೆಲಸ ಅಂತ ಕೇಳಬೇಡ. ಒಂದು ದಿನಕ್ಕೆ ಕೊಟ್ಟರೆ ಸಾಕು, ಮರುದಿನ ತಿರುಗಿ ಕಳಿಸುತ್ತೇನೆ. ನೀನು ಬರುವುದೂ ಬೇಡ. ಮುಂದಿನ ಯಾವ ಶನಿವಾರ ಹೇಳಿದರೂ ವಸಿಷ್ಠ ಬಂದು ತೆಗೆದುಕೊಂಡು ಹೋಗುತ್ತಾನೆ. "ಅಪ್ಪ, ಒಂದು ಹಳೇ ರೆಕಾರ್ಡಿಗೆ ನ್ಯೂಜೆರ್ಸಿವರೆಗೂ ಹೋಗ್ಬೇಕಾ?" ಅಂತ ಗೊಣಗಿದ. "ಹೋಗಬೇಕು" ಅಂದೆ. ನನ್ನ ಮುಖ ನೋಡಿ, ಯಾವ ಶನಿವಾರ ಅಂತ ಕೇಳಿದ.

ಗಯಾಜ್, ನಾನು ನಿನ್ನಲ್ಲಿ ಏನನ್ನಾದರೂ ಎರಡು ಸಲ ಕೇಳಿದ್ದುಂಟೇ? ಇದನ್ನು ಮೂರನೆಯ ಸಲ ಕೇಳುತ್ತಿದ್ದೇನೆ.

ಸೂರಿ


ಮಾನ್ಮತ್ ಜಂಕ್ಷನ್
ಫೆಬ್ರವರಿ 15, 2009

ಸೂರಿ,

ವಸಿಷ್ಠನನ್ನು ಕಳಿಸಬೇಡ. ರೆಕಾರ್ಡು ಮನೆಯಲ್ಲಿಲ್ಲ. ಎಡಿಸನ್ನಿನ ಕೃಷ್ಣಸ್ವಾಮಿ ಕೇಳಲು ತೆಗೆದುಕೊಂಡು ಹೋದ, ಈಗ ಇಂಡಿಯಾಗೆ ಹೋಗಿ ಕೂತಿದ್ದಾನೆ. ಏಪ್ರಿಲ್‌ಗೆ ಬರುತ್ತಾನೆ. ಬಂದ ಮೇಲೆ ನೋಡೋಣ.

ಮಾರ್ಚಿ ಹನ್ನೊಂದರ ಕೆಲಸಕ್ಕೂ ಹಾಡಿಗೂ ಏನು ಸಂಬಂಧವೋ ನನಗೆ ತಿಳಿಯದು. ರಿಟೈರ್‌ಮೆಂಟ್ ಪಾರ್ಟಿಯೋ? ಅಲ್ಲಿ ಹಾಕಿಸಿ ನಾಲ್ಕು ಜನರ ಮುಂದೆ, ನೋಡಿ ಇದು ನನ್ನ ಚಪ್ಪಾಳೆ ಅಂತ ಹೇಳಿಕೊಳ್ಳಬೇಕಾ? ಹಾಗಾದರೆ ನನ್ನನ್ನು ಕರೆದೂ ಇಲ್ಲವಲ್ಲ.

ಕಳಿಸಿದ್ದನ್ನು ಮೊದಲು ಸರಿಯಾಗಿ ಕೇಳುವುದನ್ನು ಕಲಿ, ಆಮೇಲೆ ಇನ್ನೊಂದು ಕೇಳು. ಇದಕ್ಕಿಂತ ಹೆಚ್ಚು ಬರೆಯುವ ಮನಸ್ಸಿಲ್ಲ. ಕಾಲು ನೋಯುತ್ತಿದೆ.

ಗಯಾಜ್


ಬೆಲ್‌ರೋಸ್
ಮಾರ್ಚಿ 8, 2009

ಪ್ರಿಯ ಗಯಾಜ್,

ಆಯಿತು, ಬಿಡು. ಕೃಷ್ಣಸ್ವಾಮಿ ಜೋಪಾನವಾಗಿ ಇಟ್ಟುಕೊಂಡಿರಲಿ.

ನಾಲ್ಕು ದಿನದಿಂದ ಆ ಹಾಡನ್ನು ಮನಸ್ಸಿನಲ್ಲೇ ಹಾಕಿಕೊಂಡು ಕೇಳುತ್ತಿದ್ದೇನೆ. ಮೊದಲು ಡ್ರಮ್ಮಿನವನು ಕೋಲಿನಿಂದ ನಾಲ್ಕು ಎಣಿಸುತ್ತಾನೆ. ಗಿಟಾರು. ಆಮೇಲೆ ಡೆಲ್ಲಾ ಮೇ ಉಸಿರು ಎಳೆದುಕೊಳ್ಳುವುದು. ಮೊದಲ ಚರಣ ಪೂರ್ತಿ ಬರುತ್ತದೆ. ಎರಡನೆಯದೂ ಬರುತ್ತದೆ. ಮೂರನೆಯದು ಬರುವುದಿಲ್ಲ. ಅಲ್ಲಿಗೆ ಹೋದರೆ ಮತ್ತೆ ಮೊದಲಿನದೇ ಶುರುವಾಗುತ್ತದೆ.

ಕಾಲು ನೋವು ಏಕೆ? ನೀನು ಕೂತು ಕೆಲಸ ಮಾಡುವವನು. ಡಾಕ್ಟರಿಗೆ ತೋರಿಸು.

ಇನ್ನು ಸ್ವಲ್ಪ ದಿನ ನನ್ನಿಂದ ಕಾಗದ ಬರದಿದ್ದರೆ ತಪ್ಪು ತಿಳಿಯಬೇಡ.

ಸೂರಿ


ಮಾನ್ಮತ್ ಜಂಕ್ಷನ್
ಏಪ್ರಿಲ್ 26, 2009

ಸೂರಿ,

ಏಳು ವಾರವಾಯಿತು. ಯುಗಾದಿಯ ದಿನ ಫೋನ್ ಮಾಡಿದೆ. ಉಷಾ ಎತ್ತಿಕೊಂಡರು. "ಅವರು ಫೋನಿಗೆ ಬರೋಲ್ಲ ಗಯಾಜ್. ನೀವು ಬೇಜಾರು ಮಾಡ್ಕೋಬೇಡಿ, ಅವರೇ ಬರೀತಾರಂತೆ" ಅಂದರು. ಹಿಂದೆ ನಿನ್ನ ಕೆಮ್ಮು ಕೇಳಿಸಿತು. ಮೂರು ಹೆಜ್ಜೆ ದೂರದಲ್ಲಿದ್ದೂ ಫೋನಿಗೆ ಬರಲಿಲ್ಲ ನೀನು. ಹಬ್ಬದ ದಿನ.

ಹಾಗಾದರೆ ಎಲ್ಲ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಸಾಕಾಗಿದೆ. ಫೋನಿನಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ನೀನು ಕಾಗದ ಶುರು ಮಾಡಿದಾಗ ಒಳಗೊಳಗೇ ಖುಷಿಪಟ್ಟಿದ್ದೆ.

ನನ್ನ ಆಫೀಸು ಮುಚ್ಚಿ ಕಳೆದ ಆಗಸ್ಟಿಗೇ ಕೆಲಸ ಹೋಯಿತು. ಹತ್ತೊಂಬತ್ತು ವರ್ಷ ಕೂತ ಕುರ್ಚಿ. ಅದೇ ಕ್ರ್ಯಾನ್‌ಬರಿಯಲ್ಲಿ, ಟರ್ನ್‌ಪೈಕಿನ ಎಕ್ಸಿಟ್ ಎಂಟು-ಎ ಹತ್ತಿರ ಒಂದು ವೇರ್‌ಹೌಸಿನಲ್ಲಿ ಈಗ ಪೆಟ್ಟಿಗೆಗಳಿಗೆ ಸ್ಕ್ಯಾನರ್ ಹಿಡಿಯುತ್ತೇನೆ. ಮುಂದೆ ಕಬ್ಬಿಣವಿರುವ ಬೂಟು, ದಿನಕ್ಕೆ ಹತ್ತು ಗಂಟೆ ನಿಲ್ಲುವುದು. ನಮ್ಮ ಕನ್ನಡ ಸಂಘದ ಮುರುಗೆಪ್ಪ ಒಮ್ಮೆ ಪಾರ್ಕಿಂಗ್ ಲಾಟಿನಲ್ಲಿ ಎದುರಾದರು. ಬೂಟು ಕಾಣದ ಹಾಗೆ ಕಾರಿನ ಹಿಂದೆ ನಿಂತು ಮಾತಾಡಿದೆ. ನಿನಗೆ ಹೇಳಲು ನಾಚಿಕೆಯಾಯಿತು. ನೀನು ಬೈಯುತ್ತಿರಲಿಲ್ಲ, ಗೊತ್ತು. ಮರುಕಪಡುತ್ತಿದ್ದೆ.

ಉಝ್ಮಾಳ ಕಾಲೇಜು ನಿಲ್ಲಿಸಬಾರದೆಂದು ರೆಕಾರ್ಡುಗಳನ್ನು ಮಾರಿದೆ. ನಿನಗೆ ಕಳಿಸಿದ ಟೇಪಿನಲ್ಲಿರುವ ಒಂದೂ ಈಗ ನನ್ನ ಹತ್ತಿರ ಇಲ್ಲ. ಮಾರುವ ಮುಂಚೆ ಕೊನೆಯ ಸಲ ಹಾಕಿ, ನಿನಗಾಗಿ ತುಂಬಿದ ಟೇಪು ಅದು.

ಕೃಷ್ಣಸ್ವಾಮಿ ಎಂಬವನೊಬ್ಬ ಇಲ್ಲವೇ ಇಲ್ಲ. ನಮ್ಮ ರೆಕಾರ್ಡನ್ನು ಜನವರಿಯ ಮೊದಲ ವಾರದಲ್ಲೇ ಮ್ಯಾನ್‌ಹ್ಯಾಟನ್ನಿನ ಒಂದು ಅಂಗಡಿಯಲ್ಲಿ ಮಾರಿದೆ. ನಿನ್ನದೂ ಹೌದು ಅಂದವನು, ನಿನ್ನನ್ನು ಕೇಳದೆ ಮಾರಿದೆ. ಅಂಗಡಿಯ ಮುದುಕ ಅದನ್ನು ಹಾಕಿ ಕೇಳಿದ. ಮೂರನೆಯ ಚರಣ ಬಂದಾಗ ನಕ್ಕು, ಯಾರೋ ನಿದ್ದೆಗಣ್ಣಿನಲ್ಲಿ ತಟ್ಟಿದ್ದಾರೆ ಅಂದ. "ಅದು ನಾನೇ" ಅಂದೆ. ಅವನು ನಂಬಲಿಲ್ಲ, ನನ್ನ ಬೂಟು ನೋಡಿದ. ನಂಬದಿದ್ದರೆ ಬೇಡ. ಇನ್ನು ನಿನ್ನ ಜೊತೆ ಜಗಳವಿಲ್ಲ, ಆ ತಪ್ಪು ನನ್ನದೇ ಅಂತ ಇಟ್ಟುಕೊ.

ಆದರೆ ಒಂದು ಮಾತು ಕೇಳಲೇಬೇಕು. ಟೇಪಿನಲ್ಲಿ ಬಚ್ಚಿಟ್ಟ ಹಾಡು! ಕಾಲೇಜಿನಲ್ಲಿ ನಾವು ಅತ್ಯಂತ ಒಳ್ಳೆಯದನ್ನು ಕಾಗದದಲ್ಲಿ ಬರೆಯದೆ, ಐದು ನಿಮಿಷ ಖಾಲಿ ಬಿಟ್ಟು, ಬಿ ಸೈಡಿನ ಕಟ್ಟಕಡೆಗೆ ಹಾಕುತ್ತಿದ್ದೆವಲ್ಲ, ತಾಳ್ಮೆ ಇದ್ದವನಿಗೆ ಬಹುಮಾನ ಅಂತ. ನಮ್ಮ ಹಾಡು ಅಲ್ಲೇ ಇದೆ ಸೂರಿ. ನೀನು ಕೇಳಿದ ಮೊದಲ ತಿಂಗಳೇ ಕಳಿಸಿದ್ದೆ. ನೀನು ಕೇಳಿ ಕುಣಿದಾಡಿ ಬರೆಯುತ್ತೀಯ ಅಂತ ದಿನಾ ಡಬ್ಬ ನೋಡುತ್ತಿದ್ದೆ. ನೀನು ಬರೆದದ್ದು ಹತ್ತಿ, ಸ್ಪಿರಿಟ್ಟು. ಐದು ನಿಮಿಷ ಕೂರಲೂ ಆಗಲಿಲ್ಲ ನಿನಗೆ. ಇವನಿಗೇ ಬೇಡವಾದದ್ದು ನನಗೇಕೆ ಅಂದುಕೊಂಡೇ ಆ ರೆಕಾರ್ಡು ಮಾರಿದ್ದು.

ಗಯಾಜ್


ಬೆಲ್‌ರೋಸ್
ಮೇ 17, 2009

ಪ್ರಿಯ ಗಯಾಜ್,

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಓದಲು ಮಾತ್ರ ನನಗೆ ಈಗ ತೊಂದರೆಯಿಲ್ಲ.

ಮಾರ್ಚಿ ಹನ್ನೊಂದಕ್ಕೆ ನನಗೆ ಆಪರೇಷನ್ ಆಯಿತು. ಬಲಗಿವಿಯ ನರದ ಮೇಲೆ ಗೆಡ್ಡೆ ಬೆಳೆದಿತ್ತು. ತಲೆಸುತ್ತು ಅದರದೇ. ಫೋನು ಒಡೆದದ್ದು, ಒಗ್ಗರಣೆ ಕಾಣೆಯಾದದ್ದು, ಎಲ್ಲ ಅದರದೇ. ತೆಗೆಯದಿದ್ದರೆ ಜೀವಕ್ಕೆ ಕಷ್ಟ, ತೆಗೆದರೆ ಕಿವಿ ಹೋಗುತ್ತದೆ ಅಂತ ಸೆಪ್ಟೆಂಬರಿನಲ್ಲೇ ಹೇಳಿದ್ದರು. ಹೋಯಿತು. ಯುಗಾದಿಯ ದಿನ ನೀನು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಕೂತಿದ್ದೆ, ಫೋನು ರಿಂಗಾದದ್ದೂ ನನಗೆ ಗೊತ್ತಾಗಲಿಲ್ಲ. ಉಷಾಗೆ ನಾನೇ ಆಣೆ ಹಾಕಿಸಿದ್ದೆ, ಗಯಾಜ್‌ಗೆ ಹೇಳಬೇಡ ಅಂತ. ನಿನ್ನ ಮರುಕದ ಮುಖದ ಎದುರು ಕೂತು ಆ ಹಾಡು ಕೇಳಲು ನನಗೆ ಇಷ್ಟವಿರಲಿಲ್ಲ. ನಿನ್ನ ಬೂಟಿನ ಹಾಗೇ ಇದೂ.

ಇನ್ನೊಂದು ಕಿವಿ ಇದೆಯಲ್ಲ ಅನ್ನುತ್ತೀಯ. ಇಲ್ಲ. ಎಂಟನೆಯ ವಯಸ್ಸಿನಲ್ಲಿ ಮಂಗನಬಾವು ಬಂದು ಎಡಗಿವಿ ಪೂರ್ತಿ ಹೋಯಿತು. ಉಷಾಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ನಿನ್ನ ಕಾರಿನಲ್ಲಿ ಕೂತಾಗ ನಿನ್ನ ಕಡೆಗೆ ಇದ್ದದ್ದು ಅದೇ ಕಿವಿ. ಟರ್ನ್‌ಪೈಕ್ ಉದ್ದಕ್ಕೂ ನೀನು ಹೇಳಿದ್ದೆಲ್ಲ ನನಗೆ ತಲುಪಲೇ ಇಲ್ಲ. ಅಖ್ತರಿಗೆ ಹೇಳು, ಜಂಭವಲ್ಲ.

ಈಗ ಟೇಪಿನ ವಿಷಯ. ಬಿ ಸೈಡನ್ನು ನಾನು ಬಿಟ್ಟಿರಲಿಲ್ಲ. ಆರ್ಗನ್ನಿನ ಹುಡುಗಿ ಮುಗಿಸಿದಳು, ಖಾಲಿ ಬಂತು. ಖಾಲಿ ಟೇಪಿನಲ್ಲೂ ಸ್ಸ್ ಅಂತ ಒಂದು ಸಣ್ಣ ಶಬ್ದ ಇರುತ್ತದೆ, ರಜೆಯೆಲ್ಲ ಅದೇ ಮಷೀನುಗಳನ್ನು ರಿಪೇರಿ ಮಾಡಿದವನಿಗೆ ಅದು ಗೊತ್ತಿಲ್ಲವೇ? ಆ ಶಬ್ದ ಇರಲಿಲ್ಲ. ಏನೂ ಇರಲಿಲ್ಲ. ವಾಲ್ಯೂಮ್ ಕೊನೆಯವರೆಗೂ ತಿರುಗಿಸಿದೆ. ಉಷಾ ಅಡುಗೆಮನೆಯಿಂದ ಓಡಿಬಂದು, "ಏನ್ರೀ ಇದು, ಇಷ್ಟು ಜೋರಾಗಿ ಸ್ಸ್ ಅಂತಿದೆ?" ಅಂದಳು. ಆಗ ಅರ್ಥವಾಯಿತು. ಟೇಪು ನಿಲ್ಲಿಸಿ ಡಬ್ಬದಲ್ಲಿಟ್ಟೆ. ನಿನಗೆ ಹತ್ತಿ, ಸ್ಪಿರಿಟ್ಟು ಅಂತ ಬರೆದೆ.

ಆಮೇಲಾದರೂ ನೆನಪಾಗಲಿಲ್ಲವೇ? ನೆನಪಾಯಿತು. ಡಿಸೆಂಬರಿನಲ್ಲಿ ನೀನು ಬಿ ಸೈಡು ಅಂತ ಚುಚ್ಚಿದಾಗ, ಏನೋ ಬಚ್ಚಿಟ್ಟಿದ್ದಾನೆ ಅನ್ನಿಸಿತು. ಆದರೆ ನಮ್ಮ ಹಾಡು ಕಪಾಟಿನಲ್ಲಿದೆ, ತರುತ್ತೇನೆ ಅಂತಲೂ ಬರೆದಿದ್ದೆಯಲ್ಲ. ಬೇರೆ ಯಾವುದೋ ಹಾಡಿರಬೇಕು ಅಂದುಕೊಂಡೆ. ಬೇರೆ ಹಾಡಿಗಾಗಿ ಆ ಐದು ನಿಮಿಷ ಮತ್ತೆ ಕೂರುವ ಧೈರ್ಯ ನನಗಾಗಲಿಲ್ಲ. ಸರಿಯಾಗಿ ಕೇಳುವುದನ್ನು ಕಲಿ ಅಂತ ನೀನು ಬರೆದದ್ದನ್ನು ಬರೀ ಬೈಗುಳ ಅಂತ ಓದಿಕೊಂಡೆ. ಐದು ತಿಂಗಳು ಆ ಹಾಡು ನನ್ನ ಮೇಜಿನ ಖಾನೆಯಲ್ಲಿತ್ತು ಗಯಾಜ್. ಮಾರ್ಚಿ ಹತ್ತರ ಸಾಯಂಕಾಲ ಆಸ್ಪತ್ರೆಗೆ ಬಟ್ಟೆ ತುಂಬಿಕೊಳ್ಳುವಾಗ ಅದೇ ಖಾನೆಯಿಂದ ಕನ್ನಡಕ ತೆಗೆದುಕೊಂಡೆ.

ಮೊನ್ನೆ ಮಧ್ಯಾಹ್ನ ಉಷಾಳನ್ನು ಕೂರಿಸಿ ಟೇಪು ಹಾಕಿದೆ. ಚಕ್ರ ತಿರುಗುವುದನ್ನು ನೋಡುತ್ತಾ ಕೂತೆ. ಐದು ನಿಮಿಷ. ಅವಳು ತಲೆ ಎತ್ತಿದಳು, "ಬಂತು" ಅಂತ ತುಟಿ ಆಡಿತು. "ಚಪ್ಪಾಳೆ ಬಿದ್ದ ಹಾಗೇ ತಟ್ಟು" ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. ತಟ್ಟಿದಳು. ನಾನು ಅವಳ ಕೈ ನೋಡುತ್ತಾ ಮನಸ್ಸಿನ ಹಾಡನ್ನು ಜೊತೆಗೆ ಓಡಿಸಿದೆ. ಮೊದಲ ಚರಣ, ಎರಡನೆಯದು. ಮೂರನೆಯದರಲ್ಲಿ ಅವಳು ಒಮ್ಮೆ ತಟ್ಟಿ, ಗಲಿಬಿಲಿಯಾಗಿ, ಇನ್ನೊಮ್ಮೆ ತಟ್ಟಿ ನನ್ನ ಮುಖ ನೋಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳೂ ಅತ್ತಳು, ಅಳುತ್ತಲೇ ಕೊನೆಯವರೆಗೂ ತಟ್ಟಿದಳು.

ರೆಕಾರ್ಡು ಮಾರಿದ್ದಕ್ಕೆ ನನಗೆ ಸಿಟ್ಟಿಲ್ಲ. ಉಝ್ಮಾ ಓದಲಿ. ಆದರೆ ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ, ಅದು ನನ್ನದು. ಆ ದಿನ ನನಗೆ ಕೊಟ್ಟ ಹೆಡ್‌ಫೋನಿನಲ್ಲಿ ಎಡಗಡೆಯದು ಮಾತ್ರ ಕೆಲಸ ಮಾಡುತ್ತಿತ್ತು. ಬೇರೆ ಕೊಡಿ ಅನ್ನಲು, ತಿರುಗಿಸಿ ಹಾಕಿಕೊಳ್ಳಲು ನಾಚಿಕೆ. ಯಾಕೆ ಅಂತ ಕೇಳಿದರೆ ಕಿವಿಯ ವಿಷಯ ಹೇಳಬೇಕಿತ್ತು. ನನಗೆ ಹಾಡು ಕೇಳಿಸುತ್ತಲೇ ಇರಲಿಲ್ಲ. ನಿನ್ನ ಕೈ ನೋಡಿಕೊಂಡು ತಟ್ಟಿದೆ. ಮೂರನೆಯ ಚರಣದಲ್ಲಿ ಡೆಲ್ಲಾ ಮೇ ದನಿ ಎತ್ತಿದಾಗ ನೀನು ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿಬಿಟ್ಟೆ.

ಮುಂದಿನ ಭಾನುವಾರ ಬಾ. ಅಖ್ತರಿಯನ್ನೂ ಕರೆದುಕೊಂಡು ಬಾ. ಬೂಟು ಹಾಕಿಕೊಂಡೇ ಬಾ, ನಾನೂ ನೋಡುತ್ತೇನೆ. ಟೇಪು ಹಾಕೋಣ. ನೀನು ನನ್ನ ಎದುರಿಗೆ ನಿಂತು ತಟ್ಟು, ನಾನು ನಿನ್ನ ಕೈ ನೋಡಿಕೊಂಡು ತಟ್ಟುತ್ತೇನೆ. ಮೂರನೆಯ ಚರಣ ಬಂದಾಗ ಮಾತ್ರ ಆ ಕಡೆ ತಿರುಗಬೇಡ.

ನಿನ್ನ,
ಸೂರಿ